ಹತ್ತೊಂಬತ್ತು ಹೆಸರುಗಳ ಮೇಲೆ ಬೀಳಲಿರುವ ಕೆಂಪು ಗೆರೆ

ಮಾನ್ಯ ಸ್ಕೂಲ್ ಇನ್ಸ್‌ಪೆಕ್ಟರ್ ಸಾಹೇಬರೇ,

ಈ ತಿಂಗಳ ಕೊನೆಯೊಳಗೆ ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು ಮಕ್ಕಳ ಹೆಸರಿನ ಮೇಲೆ ಕೆಂಪು ಶಾಯಿಯ ಗೆರೆ ಎಳೆಯಬೇಕೆಂದು ತಾವು ಹುಕುಂ ಕಳಿಸಿದ್ದೀರಿ. ಮಕ್ಕಳದೇನೂ ತಪ್ಪಿಲ್ಲ. ಅವರ ತಂದೆತಾಯಿ ಪೋಷಕರ ಕಮಿಟಿಯ ಮೂರು ಸಭೆಗೂ ಹಾಜರಿ ಕೊಡಲಿಲ್ಲ, ಆದ್ದರಿಂದ ಅವರಿಗೆ ವಿದ್ಯೆಯಲ್ಲಿ ಆಸಕ್ತಿ ಇಲ್ಲ, ಆದ್ದರಿಂದ ಮಕ್ಕಳಿಗೆ ಬೆಂಚೂ ಬೇಡ. ಇದಕ್ಕೆ ತಾವು ‘ಇಂಡಿಫರೆಂಟ್’ ಎಂಬ ಮಾತು ಬಳಸಿದ್ದೀರಿ. ನಾನು ಬೆಂಗಳೂರಿನ ಕಾಲೇಜಿನಲ್ಲಿ ಎರಡು ವರ್ಷ ಲಾಜಿಕ್ ಪಾಠ ಕೇಳಿದವನು. ಪಾಸಾಗಲಿಲ್ಲ, ಅದು ಬೇರೆ ಮಾತು. ಮೊದಲು ಎರಡು ಪ್ರೆಮಿಸ್ ಇರಬೇಕು, ಅವುಗಳ ಹೆಸರು ಈಗ ನೆನಪಿಗೆ ಬರುತ್ತಿಲ್ಲ, ಆಮೇಲೆ ಕನ್‌ಕ್ಲೂಷನ್ ಬರಬೇಕು ಎಂದು ನಮ್ಮ ಪ್ರೊಫೆಸರು ಹೇಳುತ್ತಿದ್ದರು. ತಮ್ಮ ಹುಕುಮಿನಲ್ಲಿ ಕನ್‌ಕ್ಲೂಷನ್ ಒಂದೇ ಇದೆ.

ತಮ್ಮ ಕಚೇರಿಗೇ ಎರಡು ಕಾಗದ ಬರೆದೆ, ಉತ್ತರ ಬರಲಿಲ್ಲ. ಅದಕ್ಕಾಗಿ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ. ಉದ್ದವಾದರೆ ಕ್ಷಮಿಸಬೇಕು. ಸಾಕು ನಿಲ್ಲಿಸಿ ಎಂದು ಹೇಳುವವರು ನನ್ನ ಮನೆಯಲ್ಲಿ ಈಗ ಯಾರೂ ಇಲ್ಲ.

ಈ ಹತ್ತೊಂಬತ್ತು ಮಕ್ಕಳು ಯಾರೆಂದು ತಾವು ವಿಚಾರಿಸಿದಿರಾ? ಆರ್ಕಾಟಿನ ಕಡೆಯಿಂದಲೂ ಚಿತ್ತೂರಿನ ಕಡೆಯಿಂದಲೂ ಇಲ್ಲಿನ ಚಿನ್ನದ ಗಣಿ ಕೆಲಸಕ್ಕೆ ಬಂದು, ಕೋರಮಂಡಲ್ ಗಣಿಯ ಕೂಲಿ ಲೈನಿನಲ್ಲಿ ಬಿದಿರು ತಟ್ಟಿಯ ಮನೆ ಹಿಡಿದಿರುವವರ ಮಕ್ಕಳು. ಬಂದು ಎರಡು ಮೂರು ವರ್ಷವಾಗಿರಬಹುದು. ಮನೆಯೊಳಗೆ ತಮಿಳು, ಇಲ್ಲವೇ ತೆಲುಗು. ಮೊದಲನೇ ಸಭೆಯ ನೋಟೀಸನ್ನು ನಾವು ಅಚ್ಚಗನ್ನಡದಲ್ಲಿ ಬರೆದು ಶಾಲೆಯ ಗೋಡೆಗೆ ಅಂಟಿಸಿದೆವು. ಅದನ್ನು ಓದಬಲ್ಲವರಾಗಿದ್ದರೆ ಅವರು ನೆಲದಡಿ ಕಲ್ಲು ಒಡೆಯಲು ಏಕೆ ಬರುತ್ತಿದ್ದರು? ಎರಡನೇ ಸಭೆ ಬುಧವಾರ ಬೆಳಗ್ಗೆ ಹತ್ತಕ್ಕೆ. ಆ ಹೊತ್ತಿಗೆ ಗಂಡಸರು ಗಣಿಯ ಒಳಗೆ, ಹೆಂಗಸರು ನೀರಿನ ಕೊಳಾಯಿಯ ಮುಂದೆ. ಕಮಿಟಿಯ ಅಧ್ಯಕ್ಷ, ರಾಬರ್ಟ್‌ಸನ್‌ಪೇಟೆಯ ಜವಳಿ ಅಂಗಡಿ ಶ್ರೀರಾಮಪ್ಪ, ಖಾಲಿ ಬೆಂಚು ನೋಡಿ ಹೇಳಿದ್ದು ನನಗೆ ಇನ್ನೂ ಕಿವಿಯಲ್ಲಿದೆ: “ಊಟಕ್ಕೆ ಕರೆದಿದ್ರೆ ಬತ್ತಿದ್ರು ಅಶ್ವತ್ಥಪ್ಪೋರೆ, ಬುದ್ಧಿ ಏಳ್ತೀವಿ ಬನ್ನಿ ಅಂದ್ರೆ ಯಾರು ಬತ್ತಾರೆ.” ನಾನೂ ನಕ್ಕೆ. ನಕ್ಕದ್ದನ್ನು ಮುಚ್ಚಿಡುವುದಿಲ್ಲ.

ನಾನು ಈ ಕಮಿಟಿಯ ಕಾರ್ಯದರ್ಶಿ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಗೂಡ್ಸ್ ಗುಮಾಸ್ತನಾಗಿದ್ದು ಪಿಂಚಣಿ ಪಡೆದವನು, ನಡವಳಿಯನ್ನು ಎರಡು ಭಾಷೆಯಲ್ಲಿ ಬರೆಯಬಲ್ಲೆ ಎಂದು ಶ್ರೀರಾಮಪ್ಪನೇ ಕರೆದು ಕೂರಿಸಿದ. ಆಗ ನನ್ನ ಮನೆಯಾಕೆ ಅನಸೂಯಮ್ಮ ತೀರಿಕೊಂಡು ಮೂರು ತಿಂಗಳಾಗಿತ್ತು. ವಾರವಾರ ಕಮಿಟಿ ಸೇರುವ ಗುರುವಾರ ಸಂಜೆ ಹೋಗಲು ಒಂದು ಜಾಗ, ಅಲ್ಲಿ ನನ್ನದೊಂದು ಕುರ್ಚಿ, ‘ಬನ್ನಿ ಅಶ್ವತ್ಥಪ್ಪನವರೇ’ ಎನ್ನುವ ನಾಲ್ಕು ಜನ. ಆಗಲಿ ಎಂದೆ. ಆಕೆ ಯಾವ ಕಮಿಟಿಯಲ್ಲೂ ಕೂತವಳಲ್ಲ. ಆದರೆ ಲೈನಿಗೆ ಹೊಸ ಸಂಸಾರ ಬಂದು ಇಳಿದರೆ ಮಾರನೆಯ ದಿನವೇ ಒಂದು ಲೋಟದಲ್ಲಿ ಹೆಪ್ಪಿನ ಮೊಸರು ಹಿಡಿದು ಹೋಗುತ್ತಿದ್ದಳು. ಹೊಸ ಊರಿಗೆ ಪಾತ್ರೆ ಪಗಡೆ ಹೊತ್ತು ತರಬಹುದು, ಹೆಪ್ಪು ತರಲಾಗುವುದಿಲ್ಲವಲ್ಲ. ಹಿಂದಿರುಗುವಷ್ಟರಲ್ಲಿ ಆ ಮನೆಯ ಮಕ್ಕಳೆಷ್ಟು, ಯಾರಿಗೆ ಜ್ವರ, ಯಾರನ್ನು ಶಾಲೆಗೆ ಸೇರಿಸಬೇಕು ಎಲ್ಲ ಅವಳಿಗೆ ಗೊತ್ತಿರುತ್ತಿತ್ತು. ನಾನು ಅದನ್ನು ಕಾಡುಹರಟೆ ಎಂದು ಹಾಸ್ಯ ಮಾಡುತ್ತಿದ್ದೆ.

ಮೂರನೇ ಸಭೆಗೆ ನಾನೇ ಲೈನಿಗೆ ಹೋಗಿ, ನನ್ನ ಮುರುಕು ತಮಿಳಿನಲ್ಲಿ ಮನೆಮನೆಗೂ ಹೇಳಿದೆ. ಭಾನುವಾರ ಮಧ್ಯಾಹ್ನ ಹದಿನಾಲ್ಕು ಜನ ಬಂದರು. ತಲೆಗೆ ಎಣ್ಣೆ ಹಚ್ಚಿ, ಒಗೆದ ಸೀರೆ ಉಟ್ಟು, ಇಬ್ಬರು ಗಂಡಸರು ರಾತ್ರಿಪಾಳಿಯ ನಿದ್ದೆ ಬಿಟ್ಟು ಬಂದು ಕೂತರು. ಇಂಡಿಫರೆಂಟ್ ಜನ ಹೀಗೆ ಬರುತ್ತಾರೆಯೇ ಸಾಹೇಬರೇ? ಆದರೆ ತಮ್ಮ ನಿಯಮದಂತೆ, ಹಾಜರಾದವರು ಮೊದಲು ರಿಜಿಸ್ಟರಿನಲ್ಲಿ ಸಹಿ ಹಾಕಬೇಕು, ಇಲ್ಲವೇ ಹೆಬ್ಬೆಟ್ಟು ಒತ್ತಬೇಕು. ಶಾಲೆಯಲ್ಲಿ ಶಾಯಿ ಪ್ಯಾಡು ಇರಲಿಲ್ಲ. ನಾನು ಜಾಣತನ ಮಾಡಿ ಗಣಿಗೆ ಆಳು ಒದಗಿಸುವ ಕಂಟ್ರಾಕ್ಟರನ ಆಫೀಸಿನಿಂದ ಅವನ ತಗಡಿನ ಡಬ್ಬಿಯ ಪ್ಯಾಡನ್ನು ಕೇಳಿ ತಂದಿದ್ದೆ. ಮುಚ್ಚಳ ತೆಗೆದು ಮುಂದಿಟ್ಟೆ. ಮೊದಲು ಒಬ್ಬಾಕೆ ಎದ್ದಳು, ಆಮೇಲೆ ಅವಳ ಪಕ್ಕದವಳು. ಎಲೆ ಅಡಿಕೆ ಜಗಿಯುವಷ್ಟು ಹೊತ್ತಿನಲ್ಲಿ ಹದಿನಾಲ್ಕು ಜನರೂ ಹೊರಟುಹೋದರು. ಶ್ರೀರಾಮಪ್ಪನೂ ಅಂಗಡಿಗೆ ಹೋದ. ನಾನು ಒಬ್ಬನೇ ಬೆಂಚುಗಳನ್ನು ಗೋಡೆಗೆ ಸೇರಿಸಿ, ‘ಹಾಜರಿ: ಇಲ್ಲ’ ಎಂದು ಬರೆದು ತಮಗೆ ಕಳಿಸಿದೆ. ತಮ್ಮ ಹುಕುಂ ಹುಟ್ಟಿದ್ದು ನನ್ನ ಆ ಒಂದು ಸಾಲಿನಿಂದ.

ಹುಕುಂ ಬಂದ ಮೇಲೆ ಲೈನಿಗೆ ಹೋದೆ. ಮೊದಲು ಎದ್ದುಹೋದಾಕೆ ಮಾರಿಯಮ್ಮ. ಗಂಡ ಮುನಿಶಾಮಿಗೆ ಗಣಿಯಲ್ಲಿ ಕೆಲಸ, ಮಗಳು ಕದಿರಮ್ಮ ಎರಡನೇ ತರಗತಿ. ಹೆಸರು ಹೊಡೆದುಹಾಕಿದರೆ ಅವಳಿಗೂ ಗಣಿಯ ಮೇಲಿನ ಕಲ್ಲು ಆರಿಸುವ ಕೆಲಸವೇ ಗತಿ. ಏಕೆ ಎದ್ದುಹೋದೆಯಮ್ಮ ಎಂದು ಕೇಳಿದೆ. ತಾಯಿ ತಮಿಳಿನಲ್ಲಿ ಏನೇನೋ ಬಡಬಡ ಹೇಳಿದಳು, ನನಗೆ ಅರ್ಧ ತಿಳಿಯಲಿಲ್ಲ. ಮಗಳು ಕೈಕಟ್ಟಿ ನಿಂತು, ಪಾಠ ಒಪ್ಪಿಸುವಂತೆ, ಪುಸ್ತಕದ ಕನ್ನಡದಲ್ಲಿ ಹೇಳಿದಳು:

“ಆ ಡಬ್ಬಿಯಲ್ಲಿ ನಮ್ಮ ತಂದೆಯವರು ಬೆರಳು ಒತ್ತಿದರು, ಗಣಿಯ ಕೆಳಗೆ ಇಳಿದರು. ಈಗ ನಾನು ಒತ್ತಿದರೆ ಯಾರು ಇಳಿಯಬೇಕು, ನನ್ನ ಮಗಳು ಇಳಿಯಬೇಕೇ, ಎಂದು ನಮ್ಮ ತಾಯಿಯವರು ಕೇಳುತ್ತಾರೆ.”

ನಾಲ್ಕು ವರ್ಷದ ಹಿಂದೆ ಆಳುಗಳೆಲ್ಲ ಬೆರಳ ಗುರುತು ಒತ್ತಬೇಕೆಂಬ ವಿಷಯಕ್ಕೇ ಗಣಿಯಲ್ಲಿ ಕೆಲಸ ನಿಂತು ಇಡೀ ಊರು ತಲ್ಲಣಿಸಿತ್ತು. ಅದು ತಮಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಗೊತ್ತಿದ್ದೂ ತಾವು ನಿಯಮ ಬರೆದಿರಿ, ನಾನು ಡಬ್ಬಿ ತಂದೆ. ಮಾರಿಯಮ್ಮ ಆಮೇಲೆ ತನಗೆ ಬರುವಷ್ಟು ಕನ್ನಡದಲ್ಲಿ ಮೆತ್ತಗೆ ಅಂದಳು, “ಮೊಸ್ರು ತರ್ತಿದ್ದ ಅಮ್ಮಾ ಇದ್ದಿದ್ರೆ ಇದು ಬೇಡಾಂತ ನಿಮ್ಗೆ ಮೊದ್ಲೇ ಏಳಿರೋರು ಸಾಮಿ.” ಅಷ್ಟರಲ್ಲಿ ಅಕ್ಕಪಕ್ಕದ ಮನೆಯವರೂ ಬಂದು ಜಗಲಿಯ ಮೇಲೆ, ನೆಲದ ಮೇಲೆ ಕೂತರು. ಯಾರೂ ಕರೆಯದೆ, ನೋಟೀಸು ಅಂಟಿಸದೆ ಸಭೆ ಸೇರಿತು. ಅವರು ಕೇಳಿದ್ದು ಇಷ್ಟೇ: ಮಕ್ಕಳಿಗೆ ಹೊಡೆಯುವಾಗ ‘ಕೊಂಗ’ ಎಂದು ಬಯ್ಯಬಾರದು, ಮಗು ಏನು ಕಲಿಯಿತು ಎಂದು ಅವರ ಮನೆಮಾತಿನಲ್ಲಿ ತಿಂಗಳಿಗೊಮ್ಮೆ ಯಾರಾದರೂ ಹೇಳಬೇಕು, ಪಾಳಿ ಬಿಡುವ ಹೊತ್ತು ನೋಡಿ ಕರೆಯಬೇಕು. ಇದನ್ನೆಲ್ಲ ಕಮಿಟಿಯಲ್ಲಿ ಹೇಳುವುದಕ್ಕೆ ಮಾರಿಯಮ್ಮನೇ ಸರಿ ಎಂದರು.

ಆಗ ಮುನಿಶಾಮಿ ಕೇಳಿದ, “ಸಾಮಿಯೋರ ಮಕ್ಳು ಎಷ್ಟು ಜನ ಓದ್ತಾವ್ರೆ ಇಸ್ಕೂಲ್ನಾಗೆ?”

ನನಗೆ ಮಕ್ಕಳಿಲ್ಲ ಎಂದೆ.

“ಅಂಗಾದ್ರೆ ಯಾರ ಕಡೆಯಿಂದ ಕುಂತಿದ್ದೀರ ಅಲ್ಲಿ?”

ಕುಹಕಕ್ಕೆ ಕೇಳಿದ್ದಲ್ಲ, ನಿಜಕ್ಕೂ ತಿಳಿಯಲೆಂದೇ ಕೇಳಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಬಂದು ಎರಡು ದಿನ ಅದನ್ನೇ ಯೋಚಿಸಿದೆ.

ಆದ್ದರಿಂದ ನನ್ನ ಒತ್ತಾಯ ಇದು. ಹುಕುಮನ್ನು ಹಿಂದಕ್ಕೆ ತೆಗೆದುಕೊಳ್ಳಿ. ಬರುವ ಭಾನುವಾರ ಸಂಜೆ ತಾವೇ ಲೈನಿಗೆ ಬಂದು ಆ ಜಗಲಿಯ ಮೇಲೆ ಕೂತು, ಮೇಲಿನ ಮೂರು ಮಾತನ್ನು ಅವರ ಬಾಯಿಂದಲೇ ಕೇಳಿ. ಹೆಸರು ಬೇಕಿದ್ದರೆ ಅವರು ಹೇಳಿದ ಹಾಗೆ ನಾವು ಬರೆದುಕೊಳ್ಳೋಣ, ಯಾರ ಬೆರಳೂ ಬೇಡ. ಕಮಿಟಿಗೆ ಏಳೇ ಜನ, ಎಂಟನೆಯವರಿಗೆ ರೂಲಿನಲ್ಲಿ ಅವಕಾಶವಿಲ್ಲ ಎಂದು ತಮ್ಮ ಕಚೇರಿ ಹೇಳುತ್ತದೆಂದು ನನಗೆ ಗೊತ್ತು. ಅದಕ್ಕೂ ದಾರಿ ಇದೆ. ಕೆಂಪು ಗೆರೆ ಎಳೆಯಲೇಬೇಕಿದ್ದರೆ ಒಂದೇ ಒಂದು ಎಳೆಯಿರಿ, ಕಾರ್ಯದರ್ಶಿಯ ಹೆಸರಿನ ಮೇಲೆ. ಆ ಜಾಗದಲ್ಲಿ ‘ಮಾರಿಯಮ್ಮ, ಕದಿರಮ್ಮನ ತಾಯಿ’ ಎಂದು ಬರೆಯಿರಿ. ನಡವಳಿ ಬರೆಯುವವರು ಯಾರು ಎಂದರೆ, ಆ ಹುಡುಗಿ ಇನ್ನೆರಡು ವರ್ಷ ಶಾಲೆಯಲ್ಲಿ ಉಳಿದರೆ ನನಗಿಂತ ಚೆನ್ನಾಗಿ ಬರೆಯುತ್ತಾಳೆ. ಆಮೇಲೆ ನನ್ನ ಗುರುವಾರದ ಸಂಜೆಗಳು ಏನಾಗುತ್ತವೆ ಎಂಬ ಪ್ರಶ್ನೆ ಉಳಿಯುತ್ತದೆ. ಅದು ತಮ್ಮ ಇಲಾಖೆಗೆ ಸೇರಿದ್ದಲ್ಲ.

ಇಂತಿ, ಇಷ್ಟು ದಿನ ತಮ್ಮ ‘ಮೋಸ್ಟ್ ಒಬಿಡಿಯಂಟ್ ಸರ್ವೆಂಟ್’ ಆಗಿದ್ದು ಕೆಟ್ಟವನು,
ಅಶ್ವತ್ಥಪ್ಪ
ಯಾರ ಪೋಷಕನೂ ಅಲ್ಲದ ಕಾರ್ಯದರ್ಶಿ, ಪೋಷಕರ ಕಮಿಟಿ
ರಾಬರ್ಟ್‌ಸನ್‌ಪೇಟೆ