ನೀರು ಕೆಳಗೆ, ಪರಿಹಾರ ಮೇಲೆ

ಜುಲೈ 9, ಬೆಳಿಗ್ಗೆ

...ಅಂತ ಹೇಳ್ತಿದ್ದೆ, ಅಷ್ಟರಲ್ಲಿ ಹೆಬ್ಬೆಟ್ಟು ತಾಗಿ ರೆಕಾರ್ಡಿಂಗ್ ನಿಂತೇ ಹೋಯ್ತು. ತಪ್ಪಾಯ್ತು, ಮತ್ತೆ ಮೊದಲಿಂದ ಶುರು ಮಾಡ್ತೀನಿ. ಯಾರ ಹತ್ರ ತಪ್ಪಾಯ್ತು ಅಂತಿದೀನೋ... ಫೋನಿನ ಹತ್ರ ಇರಬೇಕು. ಬರೆಯೋ ಡೈರಿ ನೀರಲ್ಲಿ ಹೋಯ್ತು. ಒಣಗಿಸಿದ್ರೆ ಹಾಳೆಗೆ ಹಾಳೆ ಅಂಟಿಕೊಂಡು ಇಟ್ಟಿಗೆ ಥರ ಆಗಿದೆ. ಇನ್ನು ಬಾಯಲ್ಲೇ ಡೈರಿ. ಮಾತಾಡೋಕೆ ನನಗೇನು ಬರಗಾಲ ಇಲ್ಲ.

ವಿಷಯ ಏನಂದ್ರೆ, ಮೇಲಿನವನಿಗೆ ದುಡ್ಡು ಬಂತು. ಮೇಲಿನವನು ಅಂದ್ರೆ ದೇವರಲ್ಲ, ನನ್ನ ಬಾಮೈದ. ಹೆಂಡತಿಯ ಒಬ್ಬನೇ ತಮ್ಮ. ಮಹಡಿ ಮೇಲಿನ ರೂಮು ಅವನದು, ಕೆಳಗಿನ ಮನೆ ನಮ್ಮದು. ಕಾಲುವೆ ಒಡೆದಾಗ ನೀರು ನುಗ್ಗಿದ್ದು ಕೆಳಗೆ. ನನ್ನ ಮಂಚ ಮುಳುಗಿತು, ರಿಪೇರಿ ಮೇಜು ಮುಳುಗಿತು, ನನ್ನ ಮೂರು ಚಕ್ರದ ಗಾಡಿಯ ಬ್ಯಾಟರಿ ಸತ್ತೇ ಹೋಯ್ತು. ಅವನ ರೂಮಲ್ಲಿ ಚಾಪೆ ಕೂಡ ಒದ್ದೆ ಆಗಲಿಲ್ಲ. ಸರ್ಕಾರದ ಪರಿಹಾರ ಮಾತ್ರ ನಮ್ಮ ಬಾಗಿಲು ದಾಟಿ ಮೆಟ್ಟಿಲು ಹತ್ತಿ ಮೇಲೆ ಹೋಯ್ತು.

ನನಗೆ ಬಂದಿದ್ದು ಮೆಸೇಜು. "ಆದಾಯ ಮಿತಿ ಮೀರಿರುವುದರಿಂದ ತಿರಸ್ಕರಿಸಲಾಗಿದೆ." ಆದಾಯ ಅಂತೆ. ಕಾಲು ಇಲ್ಲದವನಿಗೆ ತಿಂಗಳಿಗೆ ಕೊಡೋ ಅಂಗವಿಕಲರ ಪಿಂಚಣಿನೇ ಆದಾಯ ಅಂತ ಹಿಡಿದುಬಿಟ್ಟಿದಾರೆ, ಇನ್ನೇನು. ಒಂದು ಕೈಲಿ ಕೊಟ್ಟು, ಅದನ್ನೇ ನೆಪ ಮಾಡಿ ಇನ್ನೊಂದು ಕೈಲಿ ಬಾಗಿಲು ಹಾಕೋದು. ಬಂದವರಿಗೆಲ್ಲ ಇದನ್ನೇ ಹೇಳ್ತಿದೀನಿ. ಎದುರುಗಡೆ ಇಸ್ತ್ರಿಯವನು ಹೌದೌದು ಅಂತ ತಲೆ ಆಡಿಸಿದ.

ಕಾಲು ಇಲ್ಲ ಅಂದ್ರೆ, ಇದೆ. ಕೆಲಸ ಮಾಡಲ್ಲ ಅಷ್ಟೆ. ಲಿಫ್ಟ್ ಮೆಕ್ಯಾನಿಕ್ ಆಗಿದ್ದೆ. ಬೇರೆಯವರನ್ನ ಮೇಲಕ್ಕೆ ಕಳಿಸ್ತಾ ಕಳಿಸ್ತಾ ನಾನು ಕೆಳಗೆ ಬಿದ್ದೆ.

ಜುಲೈ 9, ಸಂಜೆ

ಏಣಿ ತಂದಿದಾನೆ. ಪರಿಹಾರದ ದುಡ್ಡಲ್ಲಿ. ಬೆಳ್ಳಿ ಥರ ಹೊಳೀತಿದೆ, ಅಲ್ಯೂಮಿನಿಯಂ. ಅವನು ಮನೆಗಳಿಗೆ ಬಣ್ಣ ಹೊಡೆಯೋನು, ಏಣಿ ಬೇಕು, ಒಪ್ಕೋತೀನಿ. ಆದ್ರೆ ಅದನ್ನ ತಂದು ನನ್ನ ಕಿಟಕಿ ಪಕ್ಕಾನೇ ಯಾಕೆ ಒರಗಿಸಬೇಕು?

"ಭಾವ, ಹೇಗಿದೆ?" ಅಂದ.

"ಉದ್ದ ಇದೆ" ಅಂದೆ.

"ನನ್ನ ತಮ್ಮ ಕೊನೆಗೂ ಒಂದು ಸ್ವಂತ ಸಾಮಾನು ಮಾಡ್ಕೊಂಡ" ಅಂತ ಇವಳು ಸೆರಗಲ್ಲಿ ಏಣಿ ಒರೆಸಿದಳು. ನನ್ನ ಗಾಡಿ ಬಂದ ದಿನ ಒರೆಸಿದ್ದಳಾ? ನೆನಪಿಲ್ಲ. ಒರೆಸಿಲ್ಲ ಅಂತಾನೇ ಇಟ್ಕೊಳ್ಳೋಣ.

ಜುಲೈ 12

ಪರಿಹಾರಕ್ಕೆ ಸರ್ವೆ ಮಾಡೋಕೆ ಬಂದ ದಿನದ್ದು ಹೇಳೇ ಇಲ್ಲ ಅಲ್ವಾ.

ನೀರು ಬಂದಾಗ ನನ್ನನ್ನ ಬೆನ್ನ ಮೇಲೆ ಹೊತ್ಕೊಂಡು ಮೆಟ್ಟಿಲು ಹತ್ತಿದ್ದು ಅವನೇ. ಇಡೀ ಬೀದಿ ನೋಡ್ತು. ಮೂಟೆ ಥರ ನಾನು, ಅವನ ಕುತ್ತಿಗೆ ತಬ್ಕೊಂಡು. ಜೀವ ಉಳಿಸಿದ, ಸರಿ. ಆದ್ರೆ ಉಳಿಸಿದವನ ಮುಖ ದಿನಾ ನೋಡೋದು ಎಷ್ಟು ಕಷ್ಟ ಅಂತ ಯಾರೂ ಹೇಳಲ್ಲ. ಅವನ ರೂಮಲ್ಲಿ, ಅವನ ಹಾಸಿಗೆ ಮೇಲೆ ಮಲಗಿ ಅವನ ಕಾಲು ನೋಡ್ತಿದ್ದೆ. ಶೇವ್ ಮಾಡ್ಕೊಳ್ಳುವಾಗ ಸುಮ್ಮನೆ ಹಿಮ್ಮಡಿ ಎತ್ತಿ ಎತ್ತಿ ಇಳಿಸ್ತಾನೆ. ಅಂಥ ಒಳ್ಳೆ ಕಾಲನ್ನ ಸುಮ್ಮನೆ ಖರ್ಚು ಮಾಡ್ತಾನೆ.

ಅಲ್ಲಿಗೇ ಸರ್ವೆ ಹುಡುಗಿ ಬಂದಳು. ದುಡಿಮೆ ಏನು ಅಂತ ಕೇಳಿದ್ದು ನನ್ನನ್ನ. ಉತ್ತರ ಕೊಟ್ಟಿದ್ದು ಇವನು. "ನಮ್ಮ ಭಾವನಿಗೆ ಕೆಲಸ ಎಲ್ಲಿಂದ ಬರಬೇಕು ಮೇಡಂ? ಪಾಪ, ಮನೇಲಿ ಕೂತಿರ್ತಾರೆ. ಏನೂ ಇಲ್ಲ ಅಂತ ಬರ್ಕೊಳ್ಳಿ."

ಪಾಪ ಅಂದ. ನನ್ನ ಹೆಂಡತಿ ಬೇರೆ ಹೂಂ ಅಂತ ತಲೆ ಆಡಿಸಿದಳು.

ನನಗೆ ಉರಿದುಹೋಯ್ತು. "ಯಾರಮ್ಮ ಹೇಳಿದ್ದು? ಮಿಕ್ಸಿ, ಫ್ಯಾನು, ಇಸ್ತ್ರಿ ಪೆಟ್ಟಿಗೆ, ದಿನಾ ರಿಪೇರಿಗೆ ಸಾಲುಗಟ್ಟಿ ಬರ್ತಾರೆ. ಇವನಿಗಿಂತ ಜಾಸ್ತಿ ದುಡೀತೀನಿ, ಬರ್ಕೊ" ಅಂದೆ. ದೊಡ್ಡದೊಂದು ಮೊತ್ತ ಹೇಳಿದೆ. ಹುಡುಗಿ ಟಕಟಕ ಒತ್ತಿಕೊಂಡಳು. ಇವನು ಮಾತ್ರ ನಾಚಿಕೆ ಇಲ್ಲದೆ, "ನನಗೆ ಕೆಲಸ ಇಲ್ಲ ಮೇಡಂ, ಮಳೆ" ಅಂತ ಬರೆಸಿದ.

ಸಾಲುಗಟ್ಟಿ ಅಂದ್ರೆ... ವಾರಕ್ಕೆ ಒಂದು ಮಿಕ್ಸಿ ಬಂದ್ರೆ ಹಬ್ಬ.

ಆದ್ರೂ ಕಾರಣ ಅದಲ್ಲ. ಪಿಂಚಣಿನೇ.

ಜುಲೈ 15, ಮಧ್ಯಾಹ್ನ

ಆಫೀಸಿಗೆ ಹೋಗಿಬಂದೆ. ಹೋಗಿಬಂದೆ ಅಂದ್ರೆ, ಆಟೋಗೆ ಬಾಮೈದನೇ ಎತ್ತಿ ಹಾಕಿದ, ಇಳಿಸಿದ. ಸ್ವಂತ ಗಾಡಿ ಓಡೋವರೆಗೂ ನಾನು ಇವನ ಕಂಕುಳಲ್ಲೇ ಇರಬೇಕು. ಬ್ಯಾಟರಿ, ಬ್ಯಾಟರಿ, ಬ್ಯಾಟರಿ. ಬೇರೆ ಏನೂ ಬೇಡ ನನಗೆ.

ಕೌಂಟರಿನಲ್ಲಿ ಕನ್ನಡಕದ ಹೆಂಗಸು. ಪಿಂಚಣಿ ಬಗ್ಗೆ ದೊಡ್ಡ ಭಾಷಣ ಶುರು ಮಾಡಿದೆ. ಪೂರ್ತಿ ಕೇಳಿಸ್ಕೊಂಡು, ಪರದೆ ನೋಡಿ ಅಂದಳು, "ಅಂಗವಿಕಲರ ಪಿಂಚಣಿನ ನಾವು ಆದಾಯಕ್ಕೆ ಸೇರಿಸಲ್ಲ ಯಜಮಾನ್ರೆ. ನಿಯಮಾನೇ ಹಾಗಿದೆ. ನಿಮ್ಮ ಮನೆಯವರ ಲಾಂಡ್ರಿ ಸಂಬಳ ಸೇರಿಸಿದ್ರೂ ಮಿತಿ ಒಳಗೇ ಇದೀರ. ನಿಮ್ಮನ್ನ ಹೊರಗೆ ಹಾಕಿರೋದು ನಿಮ್ಮ ರಿಪೇರಿ ಅಂಗಡಿ. ಒಳ್ಳೆ ವ್ಯಾಪಾರ ಅಂತ ನೀವೇ ಹೇಳಿದೀರಲ್ಲ."

ಹಿಂದೆ ನಿಂತಿದ್ದ ಬಾಮೈದ ಕೆಮ್ಮಿದ. ನಕ್ಕಿದ್ದೋ ಕೆಮ್ಮಿದ್ದೋ.

ಮೇಲ್ಮನವಿ ಹಾಕಬಹುದಂತೆ. ಅಧಿಕಾರಿ ಎದುರು ವಿಚಾರಣೆ. ನನ್ನ ದುಡಿಮೆ ಎಷ್ಟು ಅಂತ ಗೊತ್ತಿರೋ, ಅದೇ ಬೀದಿಯ ಒಬ್ಬ ಸಾಕ್ಷಿ ಬೇಕು.

"ನಾನೇ ಬರ್ತೀನಿ ಬಿಡಿ ಭಾವ" ಅಂದ ಆಟೋದಲ್ಲಿ.

ಅಂದ್ರೆ ಈ ಸಲ ಪಾಪ ಅನ್ನೋದನ್ನ ಅಧಿಕಾರಿ ಮುಂದೆ ಹೇಳ್ತಾನೆ. ನಾನು ಪಕ್ಕದಲ್ಲಿ ಕೂತು ಹೌದು ಅನ್ನಬೇಕು.

ಜುಲೈ 23

ಇಸ್ತ್ರಿಯವನನ್ನ ಕೇಳಿದೆ ಸಾಕ್ಷಿಗೆ ಬರ್ತೀಯಾ ಅಂತ. "ಕೆಂಡ ಬಿಟ್ಟು ಎಲ್ಲಿಗೆ ಬರಲಿ ಅಣ್ಣ, ಮನೇಲೇ ಸಾಕ್ಷಿ ಇಟ್ಕೊಂಡು" ಅಂದ. ಇವಳಂತೂ, "ನನ್ನ ತಮ್ಮ ಇರುವಾಗ ಬೀದಿಯವರ ಕಾಲು ಹಿಡೀಬೇಕಾ? ಅವನೇನು ಕಹಿಯಾ ನಿಮಗೆ?" ಅಂದಳು.

ಕಹಿ ಅಂತ ಹೇಳೋಕಾಗುತ್ತಾ.

ಆಸ್ಪತ್ರೆ ಲಾಂಡ್ರಿಗೆ ಹೊರಡೋ ಮುಂಚೆ ಅವನಿಗೆ ಡಬ್ಬಿ ಕಟ್ಟಿಕೊಡ್ತಾಳೆ. ದಿನಾ. ಅವನು ಡಬ್ಬಿ ತಗೊಂಡು, ಏಣಿ ಹೆಗಲಿಗೇರಿಸಿ, ಯುದ್ಧಕ್ಕೆ ಹೋಗೋ ಥರ ಹೋಗ್ತಾನೆ. ಸಂಜೆ ಬರುವಾಗ ನೋಡಬೇಕು ಅವನ ಠೀವಿ. ಅಂಗಿ ಮೇಲೆ ಒಂದು ಕಲೆ ಇಲ್ಲ. ಮೊದಲೆಲ್ಲ ಬಣ್ಣದ ಡಬ್ಬದೊಳಗೆ ಬಿದ್ದೆದ್ದವನ ಹಾಗೆ ಬರ್ತಿದ್ದ. ಏಣಿ ಬಂದ ಮೇಲೆ ಸಾಹೇಬ ಆಗಿದಾನೆ. ಉಗುರಲ್ಲೂ ಬಣ್ಣ ಇಲ್ಲ. ಬೇರೆಯವರ ಕೈಲಿ ಹೊಡೆಸ್ತಾನೋ ಏನೋ. ದಿನವಿಡೀ ಕಿಟಕೀಲಿ ಕೂತವನಿಗೆ ಇಂಥದೆಲ್ಲ ಚೆನ್ನಾಗಿ ಕಾಣುತ್ತೆ.

ಜುಲೈ 29, ವಿಚಾರಣೆ ಮುಗಿದು

ಮನೇಲಿ ಯಾರೂ ಮಾತಾಡ್ತಿಲ್ಲ. ಹಾಗಾಗಿ ನಿನ್ನ ಹತ್ರಾನೇ ಹೇಳ್ತೀನಿ. ಸ್ವಲ್ಪ ತಡಿ... ಬಾಗಿಲು ಮುಂದೆ ಮಾಡ್ತೀನಿ.

ಹಾಂ. ಸಣ್ಣ ರೂಮು. ಮೇಜಿನ ಆಚೆ ಅಧಿಕಾರಿ, ವಯಸ್ಸಾದ ಹೆಂಗಸು, ದನಿ ಮೆತ್ತಗೆ. ಈಚೆ ನಾನು, ಪಕ್ಕದಲ್ಲಿ ಇವಳು, ಇವಳ ಪಕ್ಕ ಸಾಕ್ಷಿ, ಅಂದ್ರೆ ಬಾಮೈದ. ಸಾಕ್ಷಿ ಹೊಸ ಅಂಗಿ ಹಾಕಿದ್ದ.

"ಇವರ ಅಂಗಡಿ ಹೇಗೆ ನಡೆಯುತ್ತೆ?" ಅಂತ ಅವನನ್ನ ಕೇಳಿದ್ರು.

ಹಲ್ಲು ಕಚ್ಕೊಂಡು ಕಾದೆ.

"ಅಂಗಡಿ ಏನು ಮೇಡಂ, ಅದು ಕಾಲ ಕಳೆಯೋಕೆ. ಭಾವನಿಗೆ ಆದಾಯ ಅನ್ನೋದೇ ಇಲ್ಲ." ಅಲ್ಲಿಗೆ ನಿಲ್ಲಿಸಿದ್ರೆ ಮುಗೀತಿತ್ತು. ಅಕ್ಕನ ಮುಖ ನೋಡಿದ. ಎದೆ ಉಬ್ಬಿಸಿದ. "ಮನೆ ನಡೀತಿರೋದೇ ನನ್ನಿಂದ. ದೇವರ ದಯೆ, ನನಗೆ ಒಂದು ದಿನಾನೂ ಬಿಡುವಿಲ್ಲ. ದಿನಾ ಕೆಲಸ. ಏಣಿ ಕೂಡ ತಗೊಂಡೆ."

ಅಧಿಕಾರಿ ಕನ್ನಡಕ ತೆಗೆದ್ರು. "ದಿನಾ ಕೆಲಸ ಇದೆಯಾ? ಕೆಲಸ ಇಲ್ಲ ಅಂತ ನೀವೂ ಪರಿಹಾರ ತಗೊಂಡಿದೀರಲ್ಲ. ಹಾಗಿದ್ರೆ ವಾಪಸ್ ಕಟ್ಟಬೇಕಾಗುತ್ತೆ."

ಅವನ ಮುಖದಿಂದ ರಕ್ತ ಇಳಿದಿದ್ದು ಕಣ್ಣಾರೆ ಕಂಡೆ. ನನ್ನ ಹಾಗೇ. ಅದೇ ಬಾವಿಗೆ, ಅದೇ ಕಟ್ಟೆ ಹತ್ತಿ ಬಿದ್ದ.

ಸುಳ್ಳು ಯಾಕೆ, ಒಂದು ಗಳಿಗೆ ಹೊಟ್ಟೆ ತಣ್ಣಗಾಯ್ತು. ಸುಮ್ಮನೆ ಕೂತ್ರೆ ಸಾಕಿತ್ತು. ಏಣಿ ಹೋಗ್ತಿತ್ತು ಕಿಟಕಿ ಬಿಟ್ಟು. ನನ್ನದು ಮಂಜೂರು, ಅವನದು ರದ್ದು. ಮೊದಲನೇ ಸಲ ನಾನು ಮೇಲೆ, ಅವನು ಕೆಳಗೆ.

ಆಮೇಲೆ ಅವನ ಕೈ ನೋಡಿದೆ. ಮೇಜಿನ ಅಂಚು ಹಿಡ್ಕೊಂಡಿದ್ದ. ಶುಭ್ರವಾದ ಉಗುರು. ಅಯ್ಯೋ ಮಂಕೇ ಅಂತ ನನಗೆ ನಾನೇ ಬೈಕೊಂಡೆ. ಬಣ್ಣ ಹೊಡೆಯೋನ ಉಗುರು ಶುಭ್ರ ಇದ್ರೆ ಅವನು ಸಾಹೇಬ ಆದ ಅಂತಲ್ಲ ಅರ್ಥ.

"ಸುಳ್ಳು ಮೇಡಂ" ಅಂದೆ. "ಇವನಿಗೆ ಒಂದು ದಿನದ ಕೆಲಸಾನೂ ಇಲ್ಲ. ಮಳೆ ಹಿಡಿದಾಗಿಂದ ಇವನ ಬ್ರಷ್ ಒಣಗಿ ಕೂತಿದೆ. ಅಕ್ಕನಿಗೆ ಗೊತ್ತಾಗಬಾರದು ಅಂತ ಡಬ್ಬಿ ತಗೊಂಡು ಹೋಗ್ತಾನೆ, ಎಲ್ಲೋ ಕೂತು ಉಂಡು ಬರ್ತಾನೆ. ಬೇಕಾದ್ರೆ ಕೈ ನೋಡಿ, ಅಂಗಿ ನೋಡಿ. ನಮಗೂ ಇವನು ಏನೂ ಕೊಡಲ್ಲ. ಎಲ್ಲಿಂದ ಕೊಡ್ತಾನೆ, ಪಾಪ."

ಪಾಪ ಅಂದುಬಿಟ್ಟೆ. ಬೇಕಂತಲೇ ಅಂದೆನಾ... ಅಂದೆ ಅನ್ಸುತ್ತೆ.

"ಹಾಗಿದ್ರೆ ಇವರು ಯಾಕೆ ಹಾಗೆ ಹೇಳ್ತಾರೆ?" ಅಂದ್ರು.

"ಸರ್ವೆ ದಿನ ನಾನು ಯಾಕೆ ಹೇಳಿದ್ನೋ ಅದಕ್ಕೇ. ಇವನ ಎದುರಿಗೆ ನನಗೆ ಏನೂ ಇಲ್ಲ ಅನ್ನೋಕಾಗಲಿಲ್ಲ. ಇವನಿಗೆ ಇವನ ಅಕ್ಕನ ಎದುರಿಗೆ ಆಗಲಿಲ್ಲ. ನನ್ನ ಅಂಗಡಿಗೆ ವಾರಕ್ಕೊಂದು ಮಿಕ್ಸಿ ಬಂದ್ರೆ ಹೆಚ್ಚು."

ಅಧಿಕಾರಿ ಮೂರೂ ಜನರ ಮುಖ ನೋಡಿದ್ರು. ಕೈ ತೋರಿಸಿ ಅಂತ ಅವನಿಗೆ ಅಂದ್ರು. ತೋರಿಸಿದ. "ದುಡಿಮೆ ಮುಚ್ಚಿಡೋರನ್ನ ದಿನಾ ನೋಡ್ತೀನಿ. ನಿಮ್ಮಂಥವರನ್ನ ಇದೇ ಮೊದಲು ನೋಡ್ತಿರೋದು. ಹೋಗಿ, ಇಬ್ಬರ ಮನೆಗೂ ಒಬ್ಬರನ್ನ ಕಳಿಸಿ ವಿಚಾರಿಸ್ತೀನಿ" ಅಂದ್ರು.

ಆಟೋಗೆ ನನ್ನ ಎತ್ತಿ ಹಾಕುವಾಗ ಅವನು ನನ್ನ ಮುಖ ನೋಡಲಿಲ್ಲ.

ಆಗಸ್ಟ್ 2

ಇವಳು ಇವತ್ತು ಡಬ್ಬಿ ಕಟ್ಟಲಿಲ್ಲ. ಊಟ ಬಡಿಸಿಟ್ಟು ಹೋಗಿದಾಳೆ, ಎರಡು ತಟ್ಟೆ, ನಮ್ಮ ಮನೇಲೇ. ಅವನು ಇಳಿದು ಬರಲಿಲ್ಲ.

"ಅವನು ಎಲ್ಲಿ ಕೂತು ಉಣ್ತಿದ್ದ, ಗೊತ್ತಿತ್ತಾ ನಿಮಗೆ?" ಅಂತ ಮಾತ್ರ ಕೇಳಿದಳು.

"ಇಲ್ಲ ಕಣೆ. ನನಗೆ ಅವನ ಏಣಿ ಕಾಣ್ತಿತ್ತು ಅಷ್ಟೆ."

ಆಗಸ್ಟ್ 6

ಬಂದ. ಎದುರು ಕೂತ. ತಟ್ಟೆ ಎಳ್ಕೊಂಡ. ಅರ್ಧ ಊಟ ಮುಗಿಸಿದ.

"ಮರ್ಯಾದೆ ತೆಗೆದ್ರಿ ಭಾವ."

"ಮೊದಲು ತೆಗೆದಿದ್ದು ನೀನು."

"ನಾನು ಹೇಳಿದ್ದು ನಿಜ."

"ನಾನು ಹೇಳಿದ್ದೂ ನಿಜಾನೇ."

ನೀರು ಕುಡಿದ. "ನಿಮಗೆ ಪರವಾಗಿಲ್ಲ. ತಿಂಗಳಾದ್ರೆ ಪಿಂಚಣಿ ತಾನಾಗಿ ಬಂದು ಬೀಳುತ್ತೆ. ಯಾರ ಮುಂದೆ ನಿಲ್ಲಬೇಕಿಲ್ಲ. ನಾನು ಬೆಳಿಗ್ಗೆ ಪೇಟೆ ಮೂಲೇಲಿ ನಿಂತಿರ್ತೀನಿ, ಯಾರಾದ್ರೂ ಕರೀತಾರಾ ಅಂತ. ಆಗೆಲ್ಲ ನೀವು ನೆನಪಾಗ್ತೀರ. ಭಾವ ಹಾಯಾಗಿ ಕೂತಿರ್ತಾರೆ ಅಂತ ಹೊಟ್ಟೆ ಉರಿಯೋದು."

ನನ್ನ ಮೇಲೆ. ಹೊಟ್ಟೆಕಿಚ್ಚು, ನನ್ನ ಮೇಲೆ ಒಬ್ಬನಿಗೆ.

"ಬೇಕಾದ್ರೆ ಬದಲಾಯಿಸ್ಕೊಳ್ಳೋಣ. ಕಾಲು ಕೊಡು, ಪಿಂಚಣಿ ತಗೋ" ಅಂದೆ. ನಕ್ಕ. ನೆತ್ತಿಗೆ ಅನ್ನ ಹತ್ತಿ ಕೆಮ್ಮಿದ.

ಅವನು ಮೇಲೆ ಹೋದ ಮೇಲೂ ಆ ಹೊಟ್ಟೆ ಉರಿಯ ಮಾತು ಬಾಯಲ್ಲಿ ಚಪ್ಪರಿಸ್ತಾ ಕೂತಿದ್ದೆ. ಇಷ್ಟು ವರ್ಷದಲ್ಲಿ ಯಾರೂ ಕೊಡದೆ ಇದ್ದ ಮರ್ಯಾದೆ ಅದು.

ಆಗಸ್ಟ್ 17, ಬೆಳಿಗ್ಗೆ

ಮಂಜೂರಾಯ್ತು. ಅವನದೂ ಉಳೀತು, ವಿಚಾರಿಸೋಕೆ ಬಂದವನು ಒಣಗಿದ ಬ್ರಷ್ಷಿನ ಫೋಟೋ ತೆಗೆದ. ಬ್ಯಾಟರಿ ನಿನ್ನೆ ಬಂತು. ಕಲ್ಲಿನಂಥ ಭಾರ. ಬಾಮೈದ ಒಂದೇ ಕೈಲಿ ಎತ್ತಿ ಕೂರಿಸಿದ. ಎರಡು ಕೈ ಹಾಕಿದ್ರೆ ಏನು ಗಂಟು ಹೋಗ್ತಿತ್ತು?

ಮಳೆ ಬಿಟ್ಟಿದೆ. ಊರಾಚೆ ಒಂದು ಮನೆ ಬಣ್ಣಕ್ಕೆ ಸಿಕ್ಕಿದೆ ಅವನಿಗೆ. ಏಣಿ ಹೊತ್ಕೊಂಡು ಅಷ್ಟು ದೂರ ನಡೆಯೋಕಾಗಲ್ಲ, ಬಸ್ಸಲ್ಲಿ ಹತ್ತಿಸಲ್ಲ. ನಿನ್ನೆ ಸಂಜೆಯಿಂದ ನನ್ನ ಗಾಡಿ ಸುತ್ತ ಸುತ್ತುತಾ ಇದ್ದ. ಬಾಯಿ ಬಿಟ್ಟು ಕೇಳಲಿ ಅಂತ ನಾನೂ ಸುಮ್ಮನಿದ್ದೆ. ಕೊನೆಗೆ, ಬಿಟ್ಟು ಬರ್ತೀರಾ ಭಾವ ಅಂತ ಕೇಳಿದ. ಯೋಚನೆ ಮಾಡಿ ಹೇಳ್ತೀನಿ ಅಂದೆ. ಯೋಚನೆ ಎಂಥದು, ರಾತ್ರಿನೇ ಚಾರ್ಜಿಗೆ ಹಾಕಿದೆ.

ಈಗ ಹೊರಗೆ ಗಾಡಿಗೆ ಏಣಿ ಕಟ್ಟುತಾ ಇದಾನೆ. ಬೀದಿಯವರು ನೋಡೋದು ಏಣಿನೇ, ನನಗೆ ಗೊತ್ತು. ಎಳೆಯೋ ಗಾಡಿ ಯಾರ ಕಣ್ಣಿಗೂ ಬೀಳಲ್ಲ. ಆದ್ರೂ ಅವನು ಇವತ್ತು ನನ್ನ ಹಿಂದೆ, ನನ್ನ ಬೆನ್ನು ಹಿಡ್ಕೊಂಡು ಕೂತು...

ಏನೋ? ಬಂದೆ ಕಣೋ. ತುದಿಗೆ ಕೆಂಪು ಬಟ್ಟೆ ಕಟ್ಟು. ಬಿಗಿಯಾಗಿ... ಹೇ, ಅಕ್ಕನ ರವಿಕೆ ಬಟ್ಟೆ ಅಲ್ಲ ಮಾರಾಯ, ಬೇರೆ... ತಡಿ, ಇಡ್ತೀನಿ—