ಗೋಡೆಯೊಳಗಿನ ಸೊಸೆ

ಗದಗ
ಫೆಬ್ರವರಿ ೩೧, ೨೧೯೪

ಮುತ್ತಜ್ಜಿಯ ಮುತ್ತಜ್ಜಿ ನೀಲಗಂಗವ್ವನವರಿಗೆ,

ಪತ್ರ ಬರೆಯುತ್ತಿರುವುದಕ್ಕೇ ಮೊದಲು ಕ್ಷಮೆ ಇರಲಿ. ಓದಲು ನಿಮಗೆ ಪುರುಸೊತ್ತಿಲ್ಲ, ಗೊತ್ತು. ತಾರೀಖು ತಪ್ಪಲ್ಲ, ಈಗ ಫೆಬ್ರವರಿಗೂ ಮೂವತ್ತೊಂದು ದಿನ. ನಾನು ಫಸ್ಟ್ ಇಯರ್, ಹಾಸ್ಟೆಲ್‌ನಲ್ಲೇ ಬೆಳೆದವಳು. ಕನ್ನಡ ವಿಚಿತ್ರ ಅನ್ನಿಸಿದರೆ ಸಾರಿ. ಹಿಂದಿನ ಕಾಲಕ್ಕೆ ಪತ್ರ ಒಯ್ದು ಉತ್ತರ ತರುವ ಹಿನ್ನಂಚೆ ನಮ್ಮ ಕಾಲೇಜಿನಲ್ಲಿದೆ, ಒಬ್ಬರಿಗೆ ಒಂದೇ ಸಲ. ನನ್ನದನ್ನು ನಿಮಗೇ ಬಳಸುತ್ತಿದ್ದೇನೆ.

ಮರೆವಿನ ಕಾಯಿಲೆಯ ನಿಮ್ಮ ಅತ್ತೆ, ನೀವು ಕ್ಷಣ ಕಾಣದಿದ್ದರೂ ಕಿರುಚುತ್ತಾರಂತೆ. ಅದಕ್ಕೇ ಒಂದು ಸ್ನಾನವಾದರೂ ನೆಮ್ಮದಿಯಾಗಿ ಮುಗಿಯಲಿ ಎಂದು ಮೊಬೈಲ್‌ನಲ್ಲಿ ನಿಮ್ಮ ದನಿ ಹಿಡಿದು ಅವರ ದಿಂಬಿನ ಬಳಿ ಇಡುತ್ತೀರಿ. ಆ ದನಿಯನ್ನು ಯಾರೂ ಅಳಿಸಲಿಲ್ಲ. ಈಗ ಅದು ನಮ್ಮ ಗೋಡೆಯಲ್ಲಿದೆ. ದನಿಗೂಡು ಅಂತೀವಿ: ರೋಗಿ ಏನು ಕೇಳಿದರೂ ಗೋಡೆಯೇ ಆ ದನಿಯಲ್ಲಿ ಉತ್ತರ ಕೊಡುತ್ತದೆ.

ನಮ್ಮ ಅಜ್ಜಿಗೂ ಅದೇ ಕಾಯಿಲೆ.

"ಎಲ್ಲಿ ಹಾಳಾಗಿ ಹೋಗಿದ್ದಿ ಬೇ?" ಎಂದು ಅಜ್ಜಿ ಕೂಗುತ್ತಾಳೆ.

"ಎಲ್ಲೂ ಹೋಗಿಲ್ರೀ ಅತ್ತಿ, ಇಲ್ಲೇ ಅದೇನಿ," ಅಂತೀರಿ ನೀವು, ಗೋಡೆಯೊಳಗಿಂದ.

"ಸುಳ್ಳುಬುರುಕಿ!"

"ಹೂನ್ರೀ. ಚಾ ಕುಡೀರಿ, ಆಮ್ಯಾಲೆ ಬೈರಿ."

ಅಜ್ಜಿ ನಗುತ್ತಾಳೆ. ನಾನು ಗೋಡೆಗೆ ಕಿವಿ ಇಡುತ್ತೇನೆ. ನಿಮ್ಮ ದನಿಯ ಹಿಂದೆ ಬಕೆಟ್ ತುಂಬುವ ಸದ್ದಿದೆ. ತುಂಬುತ್ತಲೇ ಇರುತ್ತದೆ. ಒಂದು ದಿನವೂ ನೀವು ಮೈಮೇಲೆ ನೀರು ಹೊಯ್ದುಕೊಂಡದ್ದು ಕೇಳಿಸಿಲ್ಲ. ಹೇಳಬಾರದು, ಆದರೂ ಹೇಳುತ್ತೇನೆ: ಸತ್ತ ಮೇಲೂ ನಿಮಗೆ ರಜೆ ಸಿಕ್ಕಿಲ್ಲ.

ನಿಮ್ಮ ನಂತರ ಇದು ಪದ್ಧತಿಯೇ ಆಯಿತು. ನೋಡಿಕೊಳ್ಳುವ ಹೆಂಗಸಿಗೆ ಉಡಿ ತುಂಬಿ, ಹೋಳಿಗೆ ಉಣ್ಣಿಸಿ, ಅವಳ ದನಿಯನ್ನೂ ಗೋಡೆಗೆ ಸೇರಿಸುತ್ತಾರೆ. ಒಮ್ಮೆ ಸೇರಿದ್ದನ್ನು ತೆಗೆಯುವ ಹಾಗಿಲ್ಲ. ಸೋಮವಾರ ನಮ್ಮ ಅವ್ವನ ಸರದಿ. ಅಜ್ಜಿಯನ್ನು ನೋಡಿಕೊಳ್ಳುತ್ತಿರುವವಳು ಅವಳೇ. ಅದಕ್ಕೆ ಸಂಬಳ ಈಗಲೂ ಇಲ್ಲ, ಬಿಡುವೂ ಇಲ್ಲ. ನಿನ್ನೆ ಮನೆಗೆ ಹೋದಾಗ ಕೇಳಿದೆ, "ಅವ್ವಾ, ನಿನಗೇನು ತಿನ್ನಬೇಕನಸ್ತದ?"

"ಗಂಜಿಗೆ ಉಪ್ಪು ಕಮ್ಮಿ ಹಾಕು, ಅಕೀಗೆ ಬಿಪಿ ಐತಿ," ಎಂದಳು.

ನಾನು ಕೇಳಿದ್ದು ಅವಳ ಬಗ್ಗೆ, ಅವಳು ಹೇಳಿದ್ದು ಅಜ್ಜಿಯ ಬಗ್ಗೆ. ಅವಳು ಆಗಲೇ ಅರ್ಧ ಗೋಡೆಯೊಳಗೆ ಹೋದಂತಿದ್ದಾಳೆ. ನಾನು ಬೇಡ ಅಂದರೆ ದೊಡ್ಡವ್ವ ಗದರುತ್ತಾಳೆ: "ನೀಲಗಂಗವ್ವ ಖುಷಿಲೇ ಕೊಟ್ಟಾಕಿ. ನಿಮ್ಮವ್ವಗೇನು ಧಾಡಿ?"

ಮನೆಯಲ್ಲಿ ನಿಮ್ಮ ಮಾತನ್ನು ಮೀರುವವರು ಯಾರೂ ಇಲ್ಲ. ಅದಕ್ಕೇ ಕೇಳುತ್ತಿದ್ದೇನೆ: ಆ ದನಿಯನ್ನು ನೀವು ಕೊಟ್ಟದ್ದು ಎಂದೆಂದಿಗೂ ಇರಲಿ ಅಂತಲೋ, ಬರೀ ಸ್ನಾನ ಮುಗಿಯುವವರೆಗೋ? ಒಂದು ಸಾಲು ಸಾಕು. ಸೋಮವಾರದೊಳಗೆ ದಯವಿಟ್ಟು ಉತ್ತರ ಬರೆಯಿರಿ.

ನಿಮ್ಮ,
ಇಂಚರಾ