ಸಾಕಮ್ಮನ ಮಡಿಲಿಗಿಟ್ಟ ಸೀರೆ

ಮಗನೇ ಜವರಾ,

ನಾನು ಹಾರನಹಳ್ಳಿ ಪಟೇಲರ ಮನೆಯ ಯಜಮಾನಿ, ಮೈಸೂರಿನಲ್ಲಿ ಹೈಸ್ಕೂಲು ಓದಿದವಳು. ಗಂಡ ಸತ್ತವಳಿಗೆ ಸೀರೆ ಉಡಿಸಿ ಇನ್ನೊಬ್ಬನಿಗೆ ಕೊಡುವ ಪದ್ಧತಿ ಊರಿನಲ್ಲಿದೆ. ನಮ್ಮ ಮನೆಯಲ್ಲಿ ಅದು ನಡೆಯಲು ನಾನು ಬಿಟ್ಟವಳಲ್ಲ.

ನೀನು ಚಳಿಜ್ವರದಲ್ಲಿ ತೀರಿಹೋದ ಮೇಲೆ ಈ ದೀಪಾವಳಿಗೇ ಮನೆಗೆ ಸುಣ್ಣ ಬಳಿಸಿದ್ದು. ಗೋಡೆಯ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿಯನ್ನು ನಿನ್ನ ಹೆಂಡತಿ ಸಾಕಮ್ಮನೇ ಎಳೆದಳು. ಚೆನ್ನಾಗಿದೆ ಎಂದು ನಾನು ಹೇಳಲಿಲ್ಲ.

ನಿನ್ನೆ ಕಾರ್ತಿಕದ ಊಟಕ್ಕೆಂದು ಬೆಟ್ಟದಪುರದ ನೆಲ್ಲಿತೋಪಿಗೆ ಹೋಗಿದ್ದೆವು. ಹೆಂಗಸರು ತೋಪಿನಂಚಿನ ಹುಣಸೆಮರಕ್ಕೆ ಉಯ್ಯಾಲೆ ಕಟ್ಟಿದರು.

"ಬಾರೇ ಸಾಕವ್ವ, ನೀನೂ ಒಸಿ ತೂಗ್ಕೋ," ಎಂದು ನಿನ್ನ ಸೋದರತ್ತೆ ಕುಳ್ಳಮ್ಮ ಅವಳನ್ನು ಕೂರಿಸಿದಳು.

ಸಾಕಮ್ಮ ಗಟ್ಟಿಯಾಗಿ ನಕ್ಕಳು; ನೀನು ಹೋದ ಮೇಲೆ ಆ ನಗು ನನ್ನ ಕಿವಿಗೆ ಬಿದ್ದದ್ದು ಅದೇ ಮೊದಲು. ನನ್ನನ್ನು ಕಂಡವಳೇ ಗಕ್ಕನೆ ಇಳಿದು, "ತೆಪ್ಪಾಯ್ತು ಕಣತ್ತೆ," ಎಂದಳು. ನಾನು ಬಾಯಿಯನ್ನೇ ತೆರೆದಿರಲಿಲ್ಲ.

"ನಿಮ್ ಕಣ್ಣು ಬಿದ್ರೆ ಹಾಲೂ ಒಡೀತದೆ ಕಣತ್ತಿಗೆ," ಎಂದಳು ಕುಳ್ಳಮ್ಮ. ಎಲ್ಲರೂ ನಕ್ಕರು. ಸಾಕಮ್ಮ ನಗಲಿಲ್ಲ.

ಈ ಮನೆಯಲ್ಲಿ ನಿನ್ನ ಮಾತೆತ್ತಿದರೆ ಕೂತು ಕೇಳುತ್ತಿದ್ದವಳು ಅವಳೊಬ್ಬಳೇ.

ಇವತ್ತು ಬೆಳಿಗ್ಗೆ ಅವಳ ಅಪ್ಪ ತಿಮ್ಮಯ್ಯನನ್ನು ಕರೆಸಿದೆ. ನನ್ನ ಧಾರೆಸೀರೆಯನ್ನು ಅವಳ ಮಡಿಲಿಗಿಟ್ಟು, "ಒಳ್ಳೆಯ ಗಂಡು ನೋಡಿ ಇದನ್ನೇ ಉಡಿಸಿ," ಎಂದು ಅವನಿಗೆ ಹೇಳಿದೆ. ಅವಳು ಅಳುತ್ತ ನಿಂತಳು. ಕೈಹಿಡಿದು ಗಾಡಿ ಹತ್ತಿಸಿದವಳು ನಾನೇ.